ಕೀಬೋರ್ಡ್ ಲ್ಯಾಪ್‌ಟಾಪ್‌ಗೆ ಸೇರಿಸಿದೆ, ರೆಕಾರ್ಡಿಂಗ್‌ನಲ್ಲಿ ಸದ್ದೇ ಇಲ್ಲ!

ಘಟ್ಟದಹುಡುಗ:
ನನ್ನ ಹತ್ತಿರ ಸಂಗೀತ ನುಡಿಸುವ 61 ಕೀಗಳ ಕೀಬೋರ್ಡ್ ಇದೆ. ಹಿಂಭಾಗದಲ್ಲಿ ಪ್ರಿಂಟರ್‌ಗೆ ಇರುವಂಥದೇ ಚೌಕ ಯುಎಸ್‌ಬಿ ಪೋರ್ಟ್ ಇದೆ, ಅಲ್ಲಿಂದ ವಿಂಡೋಸ್ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದೆ. ತಂಗಿ ಹಾಡುವ ಭಾವಗೀತೆಗೆ ಹಾರ್ಮೋನಿಯಂ ಟೋನ್‌ನಲ್ಲಿ ನುಡಿಸಿ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡೋಣ ಅಂತ. ಹೆಡ್‌ಫೋನ್ ಹಾಕಿಕೊಂಡು ಅರ್ಧ ಗಂಟೆ ನುಡಿಸಿದೆ. ಆಮೇಲೆ ಕೇಳಿದರೆ ಫ್ಯಾನ್ ಸದ್ದು, ಕೀ ಒತ್ತಿದ ಟಕಟಕ, ಅಮ್ಮ ಊಟಕ್ಕೆ ಕೂಗಿದ್ದು ಅಷ್ಟೇ ಇದೆ. ಕೇಬಲ್ ಕೆಟ್ಟಿದೆಯಾ?

ಶ್ರುತಿಪೆಟ್ಟಿಗೆ:
ಕೇಬಲ್ ಸರಿಯಾಗೇ ಇದೆ. ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಆ ಯುಎಸ್‌ಬಿಯಲ್ಲಿ ಸದ್ದು ಹೋಗುವುದೇ ಇಲ್ಲ, ಮಿಡಿ ಮಾತ್ರ ಹೋಗುತ್ತದೆ. ಅಂದರೆ ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ ಅನ್ನೋ ಲೆಕ್ಕ ಅಷ್ಟೇ. ಮಧ್ಯದ ಸಿ ಒತ್ತಿದರೆ 60 ಅನ್ನೋ ಅಂಕಿ, ಜೊತೆಗೆ ಒತ್ತಿದ ಜೋರಿಗೆ 1ರಿಂದ 127ರೊಳಗೆ ಇನ್ನೊಂದು ಅಂಕಿ. ಆಡಾಸಿಟಿ ಮಿಡಿ ರೆಕಾರ್ಡ್ ಮಾಡುವುದಿಲ್ಲ, ಹಾಗಾಗಿ ಲ್ಯಾಪ್‌ಟಾಪ್ ಮೈಕಿಗೆ ಕೇಳಿಸಿದ್ದನ್ನೇ ಹಿಡಿದಿಟ್ಟಿದೆ. ಯಮಹಾ ಪಿಎಸ್‌ಆರ್-ಇ373, ರೋಲೆಂಡ್ ಎಕ್ಸ್‌ಪಿಎಸ್-30 ಥರದವು ಅದೇ ಕೇಬಲ್‌ನಲ್ಲಿ ಆಡಿಯೋನೂ ಕಳಿಸುತ್ತವೆ. ನಿಮ್ಮದರ ಮ್ಯಾನುಯಲ್‌ನಲ್ಲಿ ಯುಎಸ್‌ಬಿ ಆಡಿಯೋ ಅಂತ ಇದೆಯಾ ನೋಡಿ.

ಇಲ್ಲದಿದ್ದರೆ ಲೈನ್ ಔಟ್ ಅಥವಾ ಹೆಡ್‌ಫೋನ್ ಜಾಕ್‌ನಿಂದ ಆಡಿಯೋ ಇಂಟರ್‌ಫೇಸ್‌ಗೆ (ಹೊರಗಿನ ಸದ್ದನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಕಳಿಸುವ ಪೆಟ್ಟಿಗೆ) ಕೊಡಿ. ಸ್ಟೀರಿಯೋ ಬೇಕಿದ್ದರೆ ಎಡಕ್ಕೊಂದು ಬಲಕ್ಕೊಂದು, ಎರಡು ಇನ್‌ಪುಟ್ ಬೇಕು. ಜೋರಾಗಿ ನುಡಿಸಿದಾಗಲೂ ಮೀಟರ್ -6 ಡೆಸಿಬಲ್ ದಾಟದ ಹಾಗೆ ಗೇನ್ (ಒಳಬರುವ ಸದ್ದಿನ ಮಟ್ಟ) ಇಡಿ.

ಹಳೇರೇಡಿಯೋ:
ದುಡ್ಡು ಉಳಿಸೋಕೆ ಅಂತ ಲ್ಯಾಪ್‌ಟಾಪ್‌ನ ಹೆಡ್‌ಸೆಟ್ ಜಾಕ್‌ಗೇ ಸಿಕ್ಕಿಸಬೇಡಿ. ನಾನು ಎಸ್‌ಪಿ ರೋಡಿನಲ್ಲಿ ಒಂದು ಅಡಾಪ್ಟರ್ ತಂದು ಅದನ್ನೇ ಮಾಡಿದ್ದೆ. ಅದು ಮೈಕ್ ಇನ್‌ಪುಟ್, ಮೋನೋ, ಕೀಬೋರ್ಡ್‌ನಿಂದ ಬರುವ ಸಿಗ್ನಲ್ ಅದಕ್ಕೆ ತುಂಬಾ ಜಾಸ್ತಿ. ಕೊಳಲಿನ ಟೋನ್ ಹರಿದ ಸ್ಪೀಕರ್‌ನಲ್ಲಿ ಬಂದ ಹಾಗೆ ಕೇಳುತ್ತಿತ್ತು. ಮತ್ತೆ ಇಂಟರ್‌ಫೇಸ್ ಹಾಕಿದ ಮೇಲೂ ಗುಂಯ್ ಅಂದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ, ಎಷ್ಟೋ ಸಲ ಗ್ರೌಂಡ್ ಲೂಪ್ (ಅರ್ತಿಂಗ್ ಎರಡು ದಾರಿಯಲ್ಲಿ ಸೇರಿ ಆಗುವ ತೊಂದರೆ) ಇರುತ್ತದೆ.

ಮಂದ್ರಸಪ್ತಕ:
ಮಿಡಿನೂ ಸುಮ್ನೆ ಬಿಡಬೇಡಿ. ಮಿಡಿ ಹಿಡಿಯುವ ರೀಪರ್‌ನಂಥ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದರೆ ತಪ್ಪು ಬಿದ್ದ ಒಂದು ಸ್ವರವನ್ನು ಆಮೇಲೆ ಎಳೆದು ಸರಿ ಮಾಡಬಹುದು. ಆದರೆ ಗಮಕಕ್ಕೆ ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಎಳೆಯುವ ಚಕ್ರ) ಬಳಸುವವರು ಒಂದು ನೋಡಿಕೊಳ್ಳಬೇಕು. ನಿಮ್ಮ ಕೀಬೋರ್ಡ್‌ನಲ್ಲಿ ಬೆಂಡ್ ರೇಂಜ್ (ಎಷ್ಟು ಅರ್ಧಸ್ವರ ಎಳೆಯಬಹುದು ಅನ್ನೋದು) 12 ಇದ್ದು, ಮಿಡಿಯಿಂದ ಸದ್ದು ಹೊರಡಿಸುವ ಕಂಪ್ಯೂಟರಿನ ವಾದ್ಯದಲ್ಲಿ ಮಾಮೂಲಿ 2 ಇದ್ದರೆ, ನೀವು ಪಂಚಮದವರೆಗೆ ಎಳೆದಿದ್ದು ಅರ್ಧ ದಾರಿಗೂ ಬರುವುದಿಲ್ಲ. ಎರಡೂ ಕಡೆ ಒಂದೇ ಅಂಕಿ ಇಡಿ. ಪ್ರತಿ ಸ್ವರ ಎರಡೆರಡು ಸಲ ಕೇಳಿಸಿದರೆ ಕೀಬೋರ್ಡ್‌ನಲ್ಲಿ ಲೋಕಲ್ ಕಂಟ್ರೋಲ್ ಆಫ್ ಮಾಡಿ, ಆಗ ಕೀ ಒತ್ತಿದರೆ ಕೀಬೋರ್ಡ್‌ನ ಸ್ವಂತ ಸದ್ದು ಬರುವುದಿಲ್ಲ.

ಘಟ್ಟದಹುಡುಗ:
ಗೆಳೆಯನ ಇಂಟರ್‌ಫೇಸ್ ತಂದು ಹಾಕಿದೆ, ಹಾರ್ಮೋನಿಯಂ ಚೆನ್ನಾಗಿ ಬಂತು. ಗುಂಯ್ ಅಂತಿತ್ತು, ಚಾರ್ಜರ್ ಕಿತ್ತ ತಕ್ಷಣ ಹೋಯ್ತು. ಈಗ ತಂಗಿಗೆ ನೆಗಡಿ.