ತಂಗಿಗೆ ಎದೆಯಲ್ಲಿ 11 ಸೆಂ.ಮೀ. ಗೆಡ್ಡೆ, ಸೂಜಿ ಹಾಕಿದ ಮೇಲೂ ಮತ್ತೆ ಬಯಾಪ್ಸಿ ಅಂತಾರೆ. ಮಾಡಿಸಬೇಕಾ?

ಬೀಜದಂಗಡಿ (ರಾಣೆಬೆನ್ನೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನನ್ನ ತಂಗಿಗೆ 27 ವರ್ಷ. ಇಲ್ಲೇ ಒಂದು ಪ್ರೈವೇಟ್ ಶಾಲೆಯಲ್ಲಿ ಟೀಚರ್. ದೀಪಾವಳಿ ಮುಗಿದ ಮೇಲೆ ಒಣಕೆಮ್ಮು ಶುರುವಾಯಿತು. ಸೀಮೆಸುಣ್ಣದ ಧೂಳು ಅಂದುಕೊಂಡೆವು. ಎರಡು ಬಾಟಲಿ ಸಿರಪ್ ಖಾಲಿಯಾಯಿತು, ಒಂದು ಕೋರ್ಸ್ ಆಂಟಿಬಯಾಟಿಕ್ ಆಯಿತು, ಕೆಮ್ಮು ಹೋಗಲಿಲ್ಲ. ಎಕ್ಸ್‌ರೇ ತೆಗೆಸಿದರೆ ಎದೆಯ ನಡುವೆ ಅಗಲವಾದ ಬಿಳಿ ನೆರಳು. ನೋಡಿದ ಡಾಕ್ಟರು ‘ಟಿಬಿ ಗಂಟು ಇರಬಹುದು’ ಎಂದು ಮಾತ್ರೆ ಶುರು ಮಾಡಿಬಿಟ್ಟರು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ, ಜ್ವರವೂ ಇರಲಿಲ್ಲ. ಐದು ವಾರ ನುಂಗಿದಳು. ಮೂತ್ರ ಕೆಂಪಗಾಗಿದ್ದು ಬಿಟ್ಟರೆ ಬೇರೇನೂ ಬದಲಾಗಲಿಲ್ಲ.

ಸರಿಯಾಗಿ ಗಮನಿಸಿದ್ದು ನಮ್ಮ ಅವ್ವ. ಬೆಳಗ್ಗೆ ರಂಗೋಲಿ ಹಾಕಲು ಬಗ್ಗಿದರೆ ತಂಗಿಯ ಮುಖ ಕೆಂಪೇರಿ ಉಬ್ಬುತ್ತಿತ್ತು. ಎದ್ದು ನಿಂತು ಎರಡು ನಿಮಿಷ ಆದ ಮೇಲೆ ಇಳಿಯುತ್ತಿತ್ತು. ಕತ್ತಿನ ಸರ ಬಿಗಿಯಾಗುತ್ತೆ ಅಂತ ತೆಗೆದಿಟ್ಟಳು. ರಾತ್ರಿ ಮಲಗಲು ಮೂರು ದಿಂಬು ಬೇಕು. ಎದೆ ಮೇಲೆ ನೀಲಿ ನರ ಎದ್ದಿವೆ ಅಂತ ಅವ್ವನಿಗೆ ಮಾತ್ರ ಹೇಳಿದ್ದಳು. ನಾನು ಅಣ್ಣ, ನನಗೆ ಹೇಗೆ ಹೇಳಿಯಾಳು.

ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದೆ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ 11 ಸೆಂ.ಮೀ. ಗೆಡ್ಡೆ. ತಲೆಯಿಂದ ರಕ್ತ ಇಳಿಸುವ ದೊಡ್ಡ ರಕ್ತನಾಳವನ್ನು ಅದು ಒತ್ತುತ್ತಿದೆಯಂತೆ. ರಕ್ತಪರೀಕ್ಷೆಯಲ್ಲಿ ಎಲ್‌ಡಿಎಚ್ 780, ಇರಬೇಕಾದ್ದಕ್ಕಿಂತ ಜಾಸ್ತಿ. ಸಣ್ಣ ಸೂಜಿ ಹಾಕಿ ಎಫ್‌ಎನ್‌ಎಸಿ ಮಾಡಿದರು. ರಿಪೋರ್ಟಿನಲ್ಲಿ ‘ಅಟಿಪಿಕಲ್ ಲಿಂಫಾಯ್ಡ್ ಸೆಲ್ಸ್, ಬಯಾಪ್ಸಿ ಅಡ್ವೈಸ್ಡ್’ (ಅಸಹಜ ಲಿಂಫ್ ಜೀವಕೋಶ ಕಂಡಿವೆ, ಬಯಾಪ್ಸಿ ಮಾಡಿಸಿ) ಅಂತ ಒಂದೂವರೆ ಸಾಲು. ಈಗ ಕ್ಯಾನ್ಸರ್ ಡಾಕ್ಟರು ‘ಲಾರ್ಜ್ ಸೆಲ್ ಲಿಂಫೋಮಾ, ಅಂದರೆ ಒಂದು ಜಾತಿಯ ಬಿಳಿ ರಕ್ತಕಣದ ಕ್ಯಾನ್ಸರ್ ಅನ್ನೋ ಅನುಮಾನ, ದಪ್ಪ ಸೂಜಿಯಲ್ಲಿ ತುಂಡು ತೆಗೆಯಬೇಕು’ ಅಂತಿದ್ದಾರೆ.

ಮನೆಯಲ್ಲಿ ಗಲಾಟೆ. ಸೋದರಮಾವ ‘ಚುಚ್ಚಿದಷ್ಟೂ ಹರಡುತ್ತೆ, ಒಂದು ಸಲ ಚುಚ್ಚಿದ್ದೇ ತಪ್ಪು’ ಅಂತಾರೆ. ಊರಲ್ಲಿ ಗೊತ್ತಿರುವ ಡಾಕ್ಟರೊಬ್ಬರು ‘ಅಲ್ಲೀತನಕ ಉಸಿರಿಗೆ ಆರಾಮಾಗಲಿ, ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತೀನಿ’ ಅಂತಿದ್ದಾರೆ. ಕೊಡಿಸಲಾ? ಮತ್ತೆ ಬಯಾಪ್ಸಿ ನಿಜವಾಗಿ ಬೇಕಾ, ಇಲ್ಲ ಸುಮ್ನೆ ಬಿಲ್ ಬೆಳೆಸೋಕಾ? ಗೊತ್ತಿದ್ದವರು ಹೇಳಿ.

ಮಲ್ಲಿಗೆಮೊಗ್ಗು (ಮೈಸೂರು)

ಅಣ್ಣಾ, ಮೊದಲು ಆ ಸ್ಟೀರಾಯ್ಡ್ ಇಂಜೆಕ್ಷನ್ ತಡೆಯಿರಿ. ಉಳಿದದ್ದು ಆಮೇಲೆ ಓದಿ.

2019ರಲ್ಲಿ ನನಗೂ ಇದೇ ಆಗಿತ್ತು. ಆಗ ನನಗೆ 31, ಮಗುವಿಗೆ ಎರಡು ವರ್ಷ. ರಂಗೋಲಿ ಅಂದಿರಲ್ಲ, ನನಗೆ ಶೂ ಲೇಸ್. ಬಗ್ಗಿದರೆ ಕಿವಿಯೊಳಗೆ ಗುಂಯ್ ಅಂತಿತ್ತು. ಒಂದು ರಾತ್ರಿ ಉಸಿರು ಜಾಸ್ತಿ ಕಟ್ಟಿದಾಗ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸ್ಟೀರಾಯ್ಡ್ ಕೊಟ್ಟರು. ಮೂರೇ ದಿನಕ್ಕೆ ಮುಖದ ಊತ ಇಳಿಯಿತು, ನಾನು ಮನೆ ತುಂಬ ಓಡಾಡಿದೆ. ದೇವರೇ ಬಂದ ಹಾಗಾಗಿತ್ತು. ವಾರದ ಮೇಲೆ ಬಯಾಪ್ಸಿ ಮಾಡಿದರೆ ಬರೀ ಸತ್ತ ಜೀವಕೋಶ. ಏನೂ ಹೇಳಲು ಆಗಲ್ಲ ಅಂದರು. ಲಿಂಫೋಮಾ ಸ್ಟೀರಾಯ್ಡಿಗೆ ಬೇಗ ಕರಗುತ್ತೆ, ಆದರೆ ಗುಣ ಆಗಲ್ಲ. ಸುಳಿವು ಅಳಿಸಿ ಹಾಕಿ ಮತ್ತೆ ಬೆಳೆಯುತ್ತೆ. ನನ್ನದು ಮತ್ತೆ ಬೆಳೆಯುವ ತನಕ ಕಾದು ಎರಡನೇ ಸಲ ಬಯಾಪ್ಸಿ ಮಾಡಬೇಕಾಯಿತು. ಗೆಡ್ಡೆ ಬೆಳೆಯಲಿ ಅಂತ ಕಾಯೋದು ಎಂಥ ಕಷ್ಟ ಅಂತ ಊಹಿಸಿ.

ಬಯಾಪ್ಸಿಯ ಬಗ್ಗೆ ಹೆದರಬೇಡಿ. ಸಿಟಿ ಮೆಷಿನ್ನಿನಲ್ಲೇ ಮಾಡಿದರು. ಎದೆಮೂಳೆಯ ಪಕ್ಕ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿ ಹಾಕಿದರು. ಒಳಗಿನಿಂದ ‘ಟಕ್’ ಅಂತ ಸ್ಟೇಪ್ಲರ್ ಒತ್ತಿದ ಹಾಗೆ ಶಬ್ದ. ಪ್ರತಿ ಟಕ್‌ಗೂ ಒಂದು ಎಳೆ, ಬೆಂದ ಶ್ಯಾವಿಗೆ ತುಂಡಿನ ಹಾಗೆ. ಐದು ಎಳೆ ತೆಗೆದರು. ನೋವಿಗಿಂತ ಆ ಶಬ್ದಕ್ಕೇ ಬೆಚ್ಚಿಬಿದ್ದೆ. ಒಂದು ಮಾತು ಮುಂಚೆಯೇ ಹೇಳಿ: ನಿಮ್ಮ ತಂಗಿಗೆ ಅಂಗಾತ ಮಲಗಲು ಆಗಲ್ಲ ಅಂತ. ನನ್ನನ್ನು ಬೆನ್ನಿಗೆ ಒರಗು ಕೊಟ್ಟು ಅರ್ಧ ಕೂರಿಸಿ ಮಾಡಿದರು. ಇಷ್ಟು ದೊಡ್ಡ ಗೆಡ್ಡೆ ಶ್ವಾಸನಾಳದ ಮೇಲೆ ಕೂತಿದ್ದರೆ ಪೂರ್ತಿ ಪ್ರಜ್ಞೆ ತಪ್ಪಿಸುವುದು ಅಪಾಯ, ಅದಕ್ಕೇ ಆದಷ್ಟು ಲೋಕಲ್‌ನಲ್ಲೇ ಮುಗಿಸುತ್ತಾರೆ.

ಗಾಜಿನ ಪಟ್ಟಿ

ನಾನು ಪ್ಯಾಥಾಲಜಿಸ್ಟ್. ಸ್ಲೈಡ್ ನೋಡುವುದೇ ನನ್ನ ಕೆಲಸ.

ನೀವು ಬೀಜದ ವ್ಯಾಪಾರ ಮಾಡುವವರು. ಒಂದು ಕಾಳು ಅಂಗೈಯಲ್ಲಿಟ್ಟು ‘ಇದು ಯಾವ ತಳಿ’ ಅಂತ ಕೇಳಿದರೆ ತಡಬಡಾಯಿಸುತ್ತೀರಿ, ತೆನೆ ಪೂರ್ತಿ ಕೈಗೆ ಬಂದರೆ ಹೇಳುತ್ತೀರಿ ಅಲ್ವಾ? ಎಫ್‌ಎನ್‌ಎಸಿ ಅಂದರೆ ಉದುರಿದ ಕಾಳು. ದಪ್ಪ ಸೂಜಿಯ ಕೋರ್ ಬಯಾಪ್ಸಿ ತೆನೆಯ ತುಂಡು. ಎದೆಯ ಈ ಗೆಡ್ಡೆಯಲ್ಲಿ ನಾರು ಜಾಸ್ತಿ. ಸಣ್ಣ ಸೂಜಿಗೆ ಜೀವಕೋಶ ಸರಿಯಾಗಿ ಬರುವುದೇ ಇಲ್ಲ, ಬಂದರೂ ಜಜ್ಜಿ ಹೋಗಿರುತ್ತೆ. ಆ ಒಂದೂವರೆ ಸಾಲಿನ ರಿಪೋರ್ಟ್ ಬರೆದವರು ಪ್ರಾಮಾಣಿಕವಾಗಿಯೇ ಬರೆದಿದ್ದಾರೆ.

ಆ ಜಾಗದಲ್ಲಿ ಏನೇನು ಬರಬಹುದು ನೋಡಿ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯ ಗೆಡ್ಡೆ, ಕುತ್ತಿಗೆಯಿಂದ ಇಳಿದ ಥೈರಾಯ್ಡ್, ಜರ್ಮ್ ಸೆಲ್ ಗೆಡ್ಡೆ (ಅದಕ್ಕೇ ಎಎಫ್‌ಪಿ, ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮಾಡುತ್ತಾರೆ), ಹಾಜ್ಕಿನ್ ಲಿಂಫೋಮಾ (ಲಿಂಫೋಮಾದ ಇನ್ನೊಂದು ಜಾತಿ), ಟಿಬಿ, ಮತ್ತೆ ನಿಮ್ಮ ಡಾಕ್ಟರ ಅನುಮಾನದ ಲಾರ್ಜ್ ಬಿ ಸೆಲ್ ಲಿಂಫೋಮಾ. ಕೊನೆಯದು ಥೈಮಸ್‌ನಲ್ಲಿರುವ ಬಿ ಜೀವಕೋಶ ಅನ್ನೋ ಬಿಳಿ ರಕ್ತಕಣಗಳಿಂದಲೇ ಹುಟ್ಟುವುದು. ಇಪ್ಪತ್ತು ಮೂವತ್ತರ ಆಸುಪಾಸಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಆದರೂ ಅಪರೂಪದ್ದೇ, ನಾನ್-ಹಾಜ್ಕಿನ್ ಲಿಂಫೋಮಾಗಳಲ್ಲಿ ನೂರಕ್ಕೆ ಎರಡೋ ಮೂರೋ.

ಹಾಜ್ಕಿನ್‌ಗೂ ಇದಕ್ಕೂ ವ್ಯತ್ಯಾಸ ಹಿಡಿಯುವುದು ನಮಗೂ ತಲೆನೋವು. ವಯಸ್ಸು ಅದೇ, ಜಾಗ ಅದೇ, ನಾರೂ ಅದೇ. ಬಣ್ಣ ಹಾಕಿ ನೋಡಬೇಕು, ಅದೇ ಐಎಚ್‌ಸಿ. ಸಿಡಿ ಅಂದರೆ ಜೀವಕೋಶದ ಮೇಲಿನ ಗುರುತು, ಒಂದೊಂದಕ್ಕೂ ಒಂದೊಂದು ನಂಬರ್. ಸಿಡಿ 20 ಗಟ್ಟಿಯಾಗಿ ಬಂದು, ಸಿಡಿ 30 ತೆಳುವಾಗಿ ಅಲ್ಲಲ್ಲಿ ಬಂದು, ಸಿಡಿ 15 ಬರದಿದ್ದರೆ ಲಾರ್ಜ್ ಬಿ ಸೆಲ್ ಕಡೆ ವಾಲುತ್ತೇವೆ. ಸಿಡಿ 23 ಬಂದರೆ ಇನ್ನೂ ಧೈರ್ಯ. ಹಾಜ್ಕಿನ್‌ನಲ್ಲಿ ಸಾಮಾನ್ಯವಾಗಿ ಸಿಡಿ 30, ಸಿಡಿ 15 ಎರಡೂ ಇದ್ದು ಸಿಡಿ 20 ಇರುವುದಿಲ್ಲ. ಎರಡರ ನಡುವೆ ನಿಲ್ಲುವ ಕೇಸೂ ಇವೆ, ಗ್ರೇ ಝೋನ್ ಅಂತಲೇ ಹೆಸರು. ಇಷ್ಟೆಲ್ಲಾ ಬಣ್ಣಕ್ಕೆ ತುಂಡು ಸಾಲಬೇಕು. ಅದಕ್ಕೇ ವಾರ, ಹತ್ತು ದಿನ ಹಿಡಿಯುತ್ತೆ. ಫೋನ್ ಮೇಲೆ ಫೋನ್ ಮಾಡಿದರೆ ಬಣ್ಣ ಬೇಗ ಹತ್ತುವುದಿಲ್ಲ!

ಟಿಬಿ ಅನುಮಾನ ಇನ್ನೂ ಇದ್ದರೆ ಒಂದು ತುಂಡನ್ನು ಸಲೈನ್‌ನಲ್ಲಿ ಕಳಿಸಲು ಹೇಳಿ. ಎಲ್ಲವನ್ನೂ ಫಾರ್ಮಲಿನ್ ಡಬ್ಬಿಗೆ ಹಾಕಿಬಿಟ್ಟರೆ ಅದು ರೋಗಾಣುವನ್ನೇ ಕೊಂದುಬಿಡುತ್ತೆ, ಬೆಳೆಸಿ ನೋಡುವ ಕಲ್ಚರ್ ಮಾಡಲು ಆಗಲ್ಲ. ಎಷ್ಟೋ ಕಡೆ ಇದನ್ನು ಮರೆಯುತ್ತಾರೆ.

ಸ್ಟೀರಾಯ್ಡ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಉಸಿರೇ ಕಟ್ಟುವ ಹಾಗಾದರೆ ಬೇರೆ ಮಾತು, ಆಗ ಜೀವ ಮೊದಲು, ತಡಮಾಡದೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಿ. ಆದರೆ ಕೊಡಬೇಕಾ ಬೇಡ್ವಾ ಅಂತ ಆಂಕಾಲಜಿಸ್ಟ್ ನಿರ್ಧರಿಸಲಿ.

ಮಲೆನಾಡ ಮಾಷ್ಟ್ರು

ಸೋದರಮಾವನವರಿಗೆ ನನ್ನ ಕಡೆಯಿಂದ ಹೇಳಿ: ನಮ್ಮ ಮನೆಯಲ್ಲೂ ಇದೇ ಮಾತು ಕೇಳಿ ಎರಡು ತಿಂಗಳು ಕಳೆದೆವು. ಲಿಂಫೋಮಾ ಅನ್ನೋದು ರಕ್ತ, ಲಿಂಫ್‌ಗೆ ಸೇರಿದ ಕಾಯಿಲೆ. ಸೂಜಿ ಹಾಕಿದ್ದಕ್ಕೆ ಹರಡುತ್ತೆ ಅನ್ನೋದು ಬರೀ ಭಯ. ಹೆಸರು ಗೊತ್ತಿಲ್ಲದೆ ಯಾವ ಕೀಮೋ ಕೊಡ್ತಾರೆ? ಹಾಜ್ಕಿನ್‌ದೇ ಬೇರೆ, ಇದರದ್ದೇ ಬೇರೆ.

ರಿಪೋರ್ಟ್ ಜೊತೆ ಮೇಣದ ಬ್ಲಾಕ್, ಸ್ಲೈಡ್ ಎರಡೂ ಕೇಳಿ ಇಸ್ಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೋ ಎರಡನೇ ಅಭಿಪ್ರಾಯಕ್ಕೆ ಹೋಗುವುದಾದರೆ ಬರೀ ಕಾಗದ ಸಾಕಾಗಲ್ಲ.

ಬೀಜದಂಗಡಿ (ರಾಣೆಬೆನ್ನೂರು)

ಹದಿನಾರು ದಿನದ ಮೇಲೆ ಬರೆಯುತ್ತಿದ್ದೇನೆ. ಸ್ಟೀರಾಯ್ಡ್ ಕೊಡಿಸಲಿಲ್ಲ. ಬಯಾಪ್ಸಿ ಆಯಿತು, ಒರಗಿಸಿ ಕೂರಿಸಿಯೇ ಮಾಡಿದರು. ಹೊರಗೆ ಬಂದವಳು ‘ಶ್ಯಾವಿಗೆ ಅಲ್ಲ ಅಣ್ಣ, ನೂಲಿನ ಎಳೆ’ ಅಂದಳು. ಅವಳಿಗೆ ನಿಮ್ಮ ಉತ್ತರ ಓದಿ ಹೇಳಿದ್ದೆ. ಸಲೈನ್ ಮಾತು ನಾನೇ ಕೇಳಿದೆ. ಟೆಕ್ನಿಷಿಯನ್ ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ಒಂದು ಎಳೆ ಬೇರೆ ಡಬ್ಬಿಗೆ ಹಾಕಿದರು. ಜೀನ್‌ಎಕ್ಸ್‌ಪರ್ಟ್ ಅನ್ನೋ ಟಿಬಿ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು. ಆ ಮಾತ್ರೆ ನಿಲ್ಲಿಸಿದರು.

ನಿನ್ನೆ ರಿಪೋರ್ಟ್ ಬಂತು. ಪ್ರೈಮರಿ ಮೀಡಿಯಾಸ್ಟೈನಲ್ (ಎದೆಯ ನಡುವೆಯೇ ಹುಟ್ಟಿದ) ಲಾರ್ಜ್ ಬಿ ಸೆಲ್ ಲಿಂಫೋಮಾ. ಸಿಡಿ 20 ಪಾಸಿಟಿವ್, ಸಿಡಿ 30 ವೀಕ್, ಸಿಡಿ 15 ನೆಗೆಟಿವ್, ಸಿಡಿ 23 ಪಾಸಿಟಿವ್. ಗಾಜಿನ ಪಟ್ಟಿಯವರೇ, ನೀವು ಬರೆದ ಹಾಗೇ ಇದೆ. ನಾನು ಮುಚ್ಚಿಡೋಣ ಅಂದುಕೊಂಡಿದ್ದೆ. ತಂಗಿ ನನ್ನ ಕೈಯಿಂದ ಕಿತ್ತುಕೊಂಡು, ಉತ್ತರಪತ್ರಿಕೆ ತಿದ್ದುವವಳ ಹಾಗೆ ಬೆರಳಿಟ್ಟು ಸಾಲು ಸಾಲು ಓದಿದಳು. ಮುಗಿಸಿ ‘ಕೂದಲು ಹೋಗುತ್ತಾ?’ ಅಂದಳು. ಅಷ್ಟೇ.

ಮುಂದೆ ಹೃದಯದ ಎಕೋ, ಹೆಪಟೈಟಿಸ್ ಬಿ ಟೆಸ್ಟ್, ಬುಧವಾರ ಕಾಯಿಲೆ ಎಲ್ಲೆಲ್ಲಿದೆ ಅಂತ ನೋಡುವ ಪೆಟ್ ಸಿಟಿ ಸ್ಕ್ಯಾನ್. ಆಮೇಲೆ ಇಪೋಕ್-ಆರ್ ಅಂತ ಕೀಮೋ ಹೇಳಿದ್ದಾರೆ.

ಮಲ್ಲಿಗೆಮೊಗ್ಗು (ಮೈಸೂರು)

ನನಗೂ ಅದೇ. ಸಣ್ಣ ಪಂಪು ಹಾಕಿ ನಾಲ್ಕು ದಿನ ಹಗಲೂ ರಾತ್ರಿ ಹನಿ ಹನಿ ಕೊಡುತ್ತಾರೆ, ಹೀಗೆ ಆರು ಸಲ ಆಯಿತು. ಕೂದಲು ಹೋಗುತ್ತೆ, ಸುಳ್ಳು ಹೇಳಬೇಡಿ. ಬರುತ್ತೆ ಅಂತಲೂ ಹೇಳಿ, ನನಗೆ ಗುಂಗುರಾಗಿ ಬಂತು. ನನ್ನ ಡಾಕ್ಟರು ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದರು. 51 ಜನಕ್ಕೆ ಇದೇ ಕೀಮೋ, ಹೆಚ್ಚಿನವರಿಗೆ ರೇಡಿಯೇಷನ್ ಬೇಕಾಗಲೇ ಇಲ್ಲ, ಐದು ವರ್ಷದ ಲೆಕ್ಕದಲ್ಲಿ ನೂರಕ್ಕೆ 97 ಜನ ಬದುಕಿದ್ದರು. ಆ ಹಾಳೆ ನನ್ನ ಪರ್ಸಿನಲ್ಲಿ ಮಡಚಿ ಮಡಚಿ ಹರಿದೇ ಹೋಯಿತು.

ಹೆಪಟೈಟಿಸ್ ಟೆಸ್ಟ್ ಬಿಡಬೇಡಿ. ‘ಆರ್’ ಅಂದರೆ ರಿಟುಕ್ಸಿಮ್ಯಾಬ್, ಒಳಗೆ ಅಡಗಿರುವ ಹೆಪಟೈಟಿಸ್ ಬಿ ಅದರಿಂದ ಎದ್ದು ಕೂರಬಹುದು. ಮುಂದೆ ಮಕ್ಕಳ ವಿಚಾರವನ್ನೂ ಕೀಮೋಗೆ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಲಿ. ನೀವಲ್ಲ, ಅವ್ವನ ಜೊತೆ ಅವಳೇ ಕೇಳಲಿ.

ಬೀಜದಂಗಡಿ (ರಾಣೆಬೆನ್ನೂರು)

ಅವ್ವನಿಗೆ ಹೇಳಿದೆ. ಇನ್ನೊಂದೇ ಪ್ರಶ್ನೆ: ಪೆಟ್ ಸಿಟಿ ದಿನ ಬೆಳಗ್ಗೆ ಚಹಾ ಕುಡಿಯಬಹುದಾ? ಚಹಾ ಇಲ್ಲದೆ ಅವಳು ಯಾರ ಮಾತೂ ಕೇಳುವುದಿಲ್ಲ.

ಮಲ್ಲಿಗೆಮೊಗ್ಗು (ಮೈಸೂರು)

ಇಲ್ಲ. ಆರು ಗಂಟೆ ಬರೀ ನೀರು, ಸಕ್ಕರೆ ಒಂದು ಚೂರೂ ಬೇಡ. ಫ್ಲಾಸ್ಕಿನಲ್ಲಿ ತುಂಬಿಸಿಕೊಂಡು ಹೋಗಿ. ಸ್ಕ್ಯಾನ್ ಮುಗಿದು ಬಾಗಿಲು ತೆಗೆದ ತಕ್ಷಣ ಕೈಗೆ ಕೊಡಿ.