ಕಾಲುವೆಗೆ ಟ್ರ್ಯಾಕ್ಟರ್ ಬಿದ್ದು ಡೀಸೆಲ್ ಹರಡಿದರೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಕಾರಟಗಿ ಕಡೆಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮೂರು ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆ ಪಕ್ಕದಲ್ಲೇ ಇದೆ. ಹೋದ ವಾರ ರಾತ್ರಿ ಪಕ್ಕದ ಹೊಲದವರ ಟ್ರ್ಯಾಕ್ಟರ್ ದಂಡೆ ಮೇಲಿಂದ ಜಾರಿ ನೀರಿಗೆ ಬಿತ್ತು. ಓಡಿಸುತ್ತಿದ್ದ ಹುಡುಗ ಈಜಿ ದಡ ಸೇರಿದ, ದೇವರು ದೊಡ್ಡವನು. ಬೆಳಗಾಗುವಷ್ಟರಲ್ಲಿ ನೀರಿನ ಮೇಲೆಲ್ಲ ಬಣ್ಣ ಬಣ್ಣದ ಪೊರೆ, ಮೂಗಿಗೆ ಹೊಡೆಯುವ ವಾಸನೆ. ಹತ್ತಿಪ್ಪತ್ತು ಜನ ದಂಡೆ ಮೇಲೆ ನಿಂತು ನೋಡಿದೆವು, ಅಷ್ಟೇ. ಒಬ್ಬರು ಸೋಪಿನ ಪುಡಿ ಹಾಕಿ ಅಂದರು, ಇನ್ನೊಬ್ಬರು ಮರಳು ಸುರಿಯಿರಿ ಅಂದರು, ಮತ್ತೊಬ್ಬರು ಬೆಂಕಿ ಹಚ್ಚಿದರೆ ಉರಿದು ಹೋಗುತ್ತೆ ಅಂದರು. ಯಾರ ಮಾತು ಕೇಳಬೇಕೋ ಗೊತ್ತಾಗದೆ ಯಾವುದನ್ನೂ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಕ್ರೇನ್ ಬಂದು ಎತ್ತುವಾಗ ಇನ್ನೊಂದು ಸಲ ಡೀಸೆಲ್ ಸುರಿಯಿತು. ಕೆಳಗಿನ ಊರಿನವರು ಬಂದು ಬೈದರು. ಅವರು ಬೈದಿದ್ದು ಸರಿ. ಆ ದಂಡೆ ರಸ್ತೆಗೆ ತಡೆಗೋಡೆ ಇಲ್ಲ, ಇನ್ನೊಂದು ಗಾಡಿ ಬೀಳೋದು ಖಂಡಿತ. ಮುಂದಿನ ಸಲಕ್ಕೆ ಊರಲ್ಲಿ ಏನು ತಯಾರಿ ಇಟ್ಟುಕೊಂಡಿರಬೇಕು?

ಸಿಂಧನೂರು ತಾಲ್ಲೂಕಿನ ರೈತ:

ತಮ್ಮಾ, ನಮ್ಮ ಕಡೆ ಭತ್ತದ ಲಾರಿ ಬಿದ್ದಿತ್ತು. ಆಗ ನಾವೂ ಹೀಗೇ ಲಾರಿ ಬಿದ್ದ ಜಾಗದಲ್ಲೇ ಗುಂಪು ಕಟ್ಟಿ ನಿಂತೆವು. ಅದೇ ದೊಡ್ಡ ತಪ್ಪು. ಡೀಸೆಲ್ ಅಲ್ಲಿ ನಿಲ್ಲಲ್ಲ, ಹರಿಯುವ ನೀರಿನ ಜೊತೆ ಹೋಗುತ್ತಾ ಇರುತ್ತೆ. ನೀರು ಸೆಕೆಂಡಿಗೆ ಒಂದು ಮೀಟರ್ ಓಡಿದರೆ ಗಂಟೆಗೆ 3.6 ಕಿಲೋಮೀಟರ್ ಆಯ್ತು. ನೀವು ಹುಲ್ಲು, ಹಗ್ಗ, ಜನ ಅಂತ ಹೊಂದಿಸೋಕೆ ಒಂದು ಗಂಟೆ ತಗೊಂಡರೆ ಅದು ಆಗಲೇ ಪಕ್ಕದ ಊರು ದಾಟಿರುತ್ತೆ. ಅದಕ್ಕೆ ಮೊದಲು ಮನುಷ್ಯರನ್ನು ನೋಡಿ, 112ಕ್ಕೆ ಫೋನ್ ಮಾಡಿ, ಆಮೇಲೆ ಬೈಕ್ ಹತ್ತಿ ಎಣ್ಣೆಗಿಂತ ಮುಂದೆ ಹೋಗಿ. ಅದರ ಹಿಂದೆ ಓಡಬೇಡಿ. ಇದೊಂದು ಮಾತು ನೆನಪಿಟ್ಟುಕೊಂಡರೆ ನನಗೆ ಸಾಕು.

ಎಷ್ಟು ಮುಂದೆ ಅಂದರೆ, ಒಂದು ಒಣ ಕಡ್ಡಿ ನೀರಿಗೆ ಎಸೆದು ಹತ್ತು ಹೆಜ್ಜೆ ದೂರ ಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡಿ, ಅಂದಾಜು ಸಿಗುತ್ತೆ.

ಮುಂದೆ ಹೋಗಿ ಎಲ್ಲಿ ನಿಲ್ಲಬೇಕು? ಗೇಟಿನ ಹತ್ತಿರ. ಕಾಲುವೆ ಗೇಟು ಕೆಳಗಿಂದ ನೀರು ಬಿಡುತ್ತೆ, ಮೇಲಿಂದ ಅಲ್ಲ. ಡೀಸೆಲ್ ನೀರಿಗಿಂತ ಹಗುರ, ಮೇಲೇ ತೇಲುತ್ತೆ. ಹಾಗಾಗಿ ಗೇಟಿನ ಹಲಗೆ ನೀರೊಳಗೆ ಸ್ವಲ್ಪ ಮುಳುಗುವಷ್ಟು ಇಳಿಸಿದರೆ ಸಾಕು, ನೀರು ಅಡಿಯಿಂದ ಹೋಗುತ್ತೆ, ಎಣ್ಣೆ ಮುಂದೆ ನಿಲ್ಲುತ್ತೆ. ಅವತ್ತು ಗೇಟು ನೋಡಿಕೊಳ್ಳುವ ನಮ್ಮ ಗ್ಯಾಂಗ್‌ಮನ್ ಕಾಕಾ ಚಕ್ರ ಮೂರು ಸುತ್ತು ಇಳಿಸಿದರು. ಹತ್ತು ನಿಮಿಷದಲ್ಲಿ ಗೇಟಿನ ಮುಂದೆ ಕೆಂಪು ಮಿಶ್ರಿತ ಕಂದು ಬಣ್ಣದ ಪದರ, ಅದರಲ್ಲಿ ಒಣ ಎಲೆ, ಹರಿದ ಚಪ್ಪಲಿ, ಗುಟ್ಕಾ ಚೀಟಿ ಎಲ್ಲ ಬಂದು ಸೇರಿಕೊಂಡವು. ಗಾಳಿ ಒಂದು ಮೂಲೆಗೆ ತಳ್ಳಿದಾಗ ಆ ಪದರ ಬೆರಳ ದಪ್ಪ ಆಯ್ತು. ಅಲ್ಲಿಂದ ತಗಡಿನ ಡಬ್ಬಿಯಲ್ಲಿ ಮೊಗೆದು ಡ್ರಮ್ಮಿಗೆ ತುಂಬಿದೆವು. ಆದರೆ ಗೇಟು ನೀವೇ ತಿರುಗಿಸಬೇಡಿ. ಪೂರ್ತಿ ಮುಚ್ಚಿದರೆ ಮೇಲೆ ನೀರು ಏರಿ ದಂಡೆ ಒಡೆಯುತ್ತೆ, ಆಗ ಡೀಸೆಲ್ ಚಿಂತೆ ಬಿಟ್ಟು ಊರಿನ ಚಿಂತೆ ಮಾಡಬೇಕಾಗುತ್ತೆ. ಗ್ಯಾಂಗ್‌ಮನ್, ನೀರಾವರಿ ಇಲಾಖೆಯ ಜೆಇ (ಜೂನಿಯರ್ ಇಂಜಿನಿಯರ್) ನಂಬರ್ ಈಗಲೇ ಊರಿನ ನಾಲ್ಕು ಜನರ ಮೊಬೈಲಿನಲ್ಲಿ ಇರಲಿ.

ಜೊತೆಗೆ ಮಧ್ಯದಲ್ಲಿ ಬರುವ ಹೊಲದ ತೂಬುಗಳನ್ನೆಲ್ಲ ಮುಚ್ಚಿಸಿ. ಒಂದು ತೂಬಿಗೆ ಒಬ್ಬ ಹುಡುಗ ಸಾಕು.

ಗಂಗಾವತಿಯ ಟ್ರ್ಯಾಕ್ಟರ್ ಮೆಕ್ಯಾನಿಕ್:

ಎತ್ತುವಾಗ ಎರಡನೇ ಸಲ ಸುರಿಯಿತು ಅಂದಿರಲ್ಲ, ಅದು ಹತ್ತರಲ್ಲಿ ಎಂಟು ಕಡೆ ಆಗುತ್ತೆ. ನಾನು ನೋಡಿದ್ದೇನೆ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಆಡೋಕೆ ಸಣ್ಣ ತೂತು ಇರುತ್ತೆ. ಗಾಡಿ ಮಗುಚಿದ್ದರೆ ಅದರಿಂದ ಹನಿ ಹನಿ ಬರುತ್ತಾ ಇರುತ್ತೆ. ಕ್ರೇನಿನವರು ಒಂದೇ ಸಲ ಎಳೆದರೆ ಗಾಡಿ ವಾಲಿ ಉಳಿದಿದ್ದೆಲ್ಲ ಹೊರಗೆ. ಅದಕ್ಕೆ ಎತ್ತುವ ಮೊದಲು ಕಾಲುವೆಯಲ್ಲಿ ತಡೆ ಕಟ್ಟಿರಬೇಕು, ಎತ್ತಿ ಮುಗಿದ ಮೇಲೂ ಎರಡು ಮೂರು ಗಂಟೆ ಅದು ಅಲ್ಲೇ ಇರಬೇಕು. ಮುಚ್ಚಳ ಕೈಗೆ ಸಿಗುವ ಹಾಗಿದ್ದರೆ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಬಿಗಿಯಾಗಿ ಸುತ್ತಿ. ಟ್ಯಾಂಕ್ ಸೀಳಿದ್ದು ನೀರಿನ ಮೇಲೆ ಕಾಣುತ್ತಿದ್ದರೆ ಬಟ್ಟೆ ಸೋಪಿನ ಬಿಲ್ಲೆ ಮೆತ್ತಿ. ಸೋಪು ಡೀಸೆಲಿಗೆ ಕರಗಲ್ಲ, ಒಂದೆರಡು ಗಂಟೆ ಹಿಡಿದು ನಿಲ್ಲುತ್ತೆ. ಮುಳುಗಿದ ಗಾಡಿಗೆ ಮಾತ್ರ ನೀವು ಧುಮುಕಬೇಡಿ. ನೀರು ನಿಲ್ಲಿಸಿ ಇಲ್ಲವೇ ಅಗ್ನಿಶಾಮಕದವರ ಕೈಲಿ ಮಾಡಿಸಿ.

ಇನ್ನೊಂದು, ಜನ ಡೀಸೆಲ್ ಒಂದನ್ನೇ ಲೆಕ್ಕ ಹಾಕ್ತಾರೆ. ಟ್ರ್ಯಾಕ್ಟರ್ ಟ್ಯಾಂಕು ಸುಮಾರು 60 ಲೀಟರ್ ಇದ್ದರೆ, ಹಿಂದಿನ ಗೇರ್ ಮತ್ತು ಹೈಡ್ರಾಲಿಕ್ ಎಣ್ಣೆಯೇ ಎಷ್ಟೋ ಮಾಡೆಲ್‌ಗಳಲ್ಲಿ 30 ಲೀಟರಿಗೆ ಜಾಸ್ತಿ ಇರುತ್ತೆ. ಡೀಸೆಲ್ ನಮ್ಮ ಬಿಸಿಲಿಗೆ ಒಂದಿಷ್ಟು ಹಾರಿ ಹೋಗುತ್ತೆ. ಗೇರ್ ಎಣ್ಣೆ ಹಾರಲ್ಲ. ಅಂಟಿಕೊಂಡು ದಂಡೆ ಕಲ್ಲಿಗೆ, ನೀರಲ್ಲಿ ಬೆಳೆಯುವ ಆಪು ಹುಲ್ಲಿಗೆ ಮೆತ್ತಿಕೊಳ್ಳುತ್ತೆ.

ಮತ್ತೆ ಎತ್ತಿದ ತಕ್ಷಣ ಸ್ಟಾರ್ಟ್ ಮಾಡಿ ನೋಡೋದು ಬೇಡ, ದಯವಿಟ್ಟು. ಸಿಲಿಂಡರಿನಲ್ಲಿ ನೀರು ಇದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಬ್ಯಾಟರಿ ತಂತಿ ತೆಗೆಯಿರಿ, ಇಂಜಿನ್ ಎಣ್ಣೆ ಹಾಲು ಹಾಕಿದ ಚಹಾದ ಹಾಗೆ ಕಂಡರೆ ನೀರು ಸೇರಿದೆ ಅಂತ ಅರ್ಥ. ಆ ಎಣ್ಣೆಯನ್ನು ಬಕೆಟಿಗೆ ಇಳಿಸಿ, ದಂಡೆ ಮೇಲೆ ಬಿಡಬೇಡಿ. ಮಳೆ ಬಂದರೆ ಮತ್ತೆ ಕಾಲುವೆಗೇ ಬರುತ್ತೆ.

ಬಳ್ಳಾರಿಯಿಂದ, ಮೊದಲು ಮಂಗಳೂರು ಬಂದರಿನಲ್ಲಿ ಕೆಲಸ ಮಾಡಿದವರು:

ತಡೆ ಕಟ್ಟೋದರ ಬಗ್ಗೆ ಹೇಳ್ತೀನಿ, ಯಾಕಂದರೆ ಇದರಲ್ಲಿ ಎಲ್ಲರೂ ಎಡವುತ್ತಾರೆ. ಬಂದರಿನಲ್ಲಿ ತೇಲುವ ಉದ್ದನೆಯ ತಡೆ ಇರುತ್ತೆ, ಬೂಮ್ ಅಂತಾರೆ. ಅದನ್ನು ಹರಿವಿಗೆ ನೇರ ಅಡ್ಡ ಹಾಕಿದರೆ, ನೀರಿನ ವೇಗ ಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್ ದಾಟಿದ ಕೂಡಲೇ ಎಣ್ಣೆ ಅದರ ಅಡಿಯಿಂದ ನುಸುಳಿ ಹೋಗುತ್ತೆ. ಕಾಲುವೆ ಅದಕ್ಕಿಂತ ಜೋರಾಗಿ ಹರಿಯುತ್ತೆ ಅಲ್ವಾ? ಹಾಗಾಗಿ ಓರೆಯಾಗಿ ಕಟ್ಟಬೇಕು, ತುಂಬಾ ಓರೆ. ಕಾಲುವೆ ಎಷ್ಟು ಅಗಲವೋ ಅದರ ಮೂರರಷ್ಟು ಉದ್ದದ ಹಗ್ಗ ಬೇಕು. ಒಂದು ತುದಿ ಆಚೆ ದಡದಲ್ಲಿ ಮೇಲ್ಗಡೆ, ಇನ್ನೊಂದು ತುದಿ ಈಚೆ ದಡದಲ್ಲಿ ಎಷ್ಟೋ ಕೆಳಗಡೆ. ಎಣ್ಣೆ ಆ ಹಗ್ಗದ ಗುಂಟ ಜಾರಿ ಈಚೆ ದಡದ ಮೂಲೆಗೆ ಬಂದು ಸೇರುತ್ತೆ. ಅಲ್ಲೇ ಮೊಗೆಯಿರಿ.

ಕೊಳ್ಳೋದು ಏನೂ ಬೇಡ. ಈರುಳ್ಳಿ ಬಲೆ ಚೀಲಕ್ಕೆ ಭತ್ತದ ಹುಲ್ಲು ತುರುಕಿ, ಚೀಲಕ್ಕೆ ಚೀಲ ಹೊಲಿದು ಹಗ್ಗಕ್ಕೆ ಕಟ್ಟಿ, ನಡುನಡುವೆ ಮುಚ್ಚಿದ ಖಾಲಿ ಕ್ಯಾನ್ ಕಟ್ಟಿದರೆ ತೇಲುತ್ತೆ. ಆನೆಗೊಂದಿ ಕಡೆಯವರಿಗೆ ಬಾಳೆ ದಿಂಡು ಇದೆ, ಇನ್ನೂ ಸಲೀಸು. ಅದಕ್ಕಿಂತ ಒಳ್ಳೆಯದು ಕಚ್ಚಾ ಹತ್ತಿ. ರಾಯಚೂರಿನ ಜಿನ್ನಿಂಗ್ ಮಿಲ್‌ಗಳಲ್ಲಿ ಕಸ ಹತ್ತಿ ಸಿಗುತ್ತೆ. ಅದರ ಎಳೆ ಮೇಲೆ ಹುಟ್ಟಿನಿಂದಲೇ ಮೇಣದ ಪದರ ಇರುತ್ತೆ, ನೀರನ್ನು ದೂರ ಇಟ್ಟು ಎಣ್ಣೆಯನ್ನು ಕುಡಿಯುತ್ತೆ. ಮೆಡಿಕಲ್ ಶಾಪಿನ ಬಿಳಿ ಹತ್ತಿ ತರಬೇಡಿ, ಆ ಮೇಣ ತೆಗೆದಿರುತ್ತಾರೆ, ಅದು ನೀರನ್ನೇ ಕುಡಿದು ಮುಳುಗುತ್ತೆ.

ಸೋಪಿನ ಪುಡಿ ಖಂಡಿತ ಬೇಡ. ಅದು ಎಣ್ಣೆಯನ್ನು ಇಲ್ಲವಾಗಿಸಲ್ಲ, ಸಣ್ಣ ಸಣ್ಣ ಹನಿ ಮಾಡಿ ನೀರೊಳಗೆ ಬೆರೆಸುತ್ತೆ. ಕಣ್ಣಿಗೆ ಕಾಣಲ್ಲ, ಮೀನಿನ ಕಿವಿರಿಗೆ ಹೋಗುತ್ತೆ. ಮರಳು ಹಾಕಿದರೆ ತಳಕ್ಕೆ ಕೂತು ತಿಂಗಳುಗಟ್ಟಲೆ ಬಿಡುತ್ತಾ ಇರುತ್ತೆ. ಬೆಂಕಿ ಮಾತು ಆಡಲೇಬೇಡಿ, ಅದರಲ್ಲೂ ಪೆಟ್ರೋಲ್ ಆದರೆ. ಅದರ ಆವಿ ಗಾಳಿಗಿಂತ ಭಾರ, ಕಾಲುವೆ ತಗ್ಗಿನಲ್ಲಿ ಕೂತಿರುತ್ತೆ. ಪೆಟ್ರೋಲ್ ಗಾಡಿ ಬಿದ್ದಿದ್ದರೆ ಮೊಗೆಯೋಕೂ ಹೋಗಬೇಡಿ, ಬೀಡಿ ಸೇದುವವರನ್ನು ದೂರ ಕಳಿಸಿ, ಗಾಳಿ ಬರುವ ಕಡೆ ನಿಂತು ಅಗ್ನಿಶಾಮಕದವರಿಗೆ ಕಾಯಿರಿ.

ಬಣ್ಣದ ಪೊರೆ ನೋಡಿ ಹೆದರಬೇಡಿ ಅಂತಲೂ ಹೇಳಬೇಕು. ಒಂದೇ ಲೀಟರ್ ಡೀಸೆಲ್ ತೆಳುವಾಗಿ ಹರಡಿದರೆ ಎಕರೆಗಟ್ಟಲೆ ಹೊಳೆಯುತ್ತೆ. ಆ ಹೊಳಪನ್ನು ಹಿಡಿಯೋಕೆ ಆಗಲ್ಲ. ಕಪ್ಪಾಗಿ ಕಂದಾಗಿ ದಪ್ಪ ಇರುವುದನ್ನು ಹಿಡಿಯಿರಿ.

ಕೈಗೆ ಗ್ಲೌಸ್ ಹಾಕಿ. 2014ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಸುಂದರಬನದಲ್ಲಿ ಶೇಲಾ ನದಿಯಲ್ಲಿ ಟ್ಯಾಂಕರ್ ಹಡಗು ಮುಳುಗಿ ಸುಮಾರು 3.5 ಲಕ್ಷ ಲೀಟರ್ ಫರ್ನೇಸ್ ಎಣ್ಣೆ ಸೋರಿತು. ಸುತ್ತಲಿನ ಊರಿನ ಜನ, ಮಕ್ಕಳು ಸೇರಿ, ಪಾತ್ರೆ ಸ್ಪಂಜು ಹಿಡಿದು ಬರಿಗೈಯಲ್ಲಿ ಬಳಿದರು. ಆ ಫೋಟೋಗಳಲ್ಲಿ ಮೊಣಕೈವರೆಗೆ ಕಪ್ಪಾದ ಕೈಗಳನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. 2025ರ ಮೇ ತಿಂಗಳಲ್ಲಿ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಅನ್ನೋ ಕಂಟೇನರ್ ಹಡಗು ಮುಳುಗಿದಾಗ ಕೋಸ್ಟ್ ಗಾರ್ಡ್ ಹಡಗು, ವಿಮಾನ ಎಲ್ಲ ಬಂದವು. ನಮ್ಮ ಕಾಲುವೆಗೆ ಅವರು ಬರಲ್ಲ. ಮೊದಲ ಒಂದೆರಡು ಗಂಟೆ ನಾವೇ.

ಕೇಳಿದವರು:

ಎಲ್ಲರಿಗೂ ಕೈ ಮುಗಿದೆ. ಒಂದು ಅನುಮಾನ. ನಮ್ಮ ತಾತ ಹೇಳ್ತಾರೆ, ಹಿಂದೆ ಭತ್ತಕ್ಕೆ ಕೊಳವೆ ಹುಳು ಬಂದರೆ ಗದ್ದೆಗೆ ಸೀಮೆಎಣ್ಣೆ ಹಾಕಿ ಹಗ್ಗ ಎಳೆಯುತ್ತಿದ್ದೆವು, ಬೆಳೆಗೆ ಏನೂ ಆಗಲಿಲ್ಲ, ಡೀಸೆಲ್ ಯಾಕೆ ಇಷ್ಟು ದೊಡ್ಡದು ಮಾಡ್ತೀರಿ ಅಂತ.

ಸಿಂಧನೂರು ತಾಲ್ಲೂಕಿನ ರೈತ:

ತಾತ ಹೇಳೋದು ಸುಳ್ಳಲ್ಲ, ನಮ್ಮಪ್ಪನೂ ಹಾಗೆ ಮಾಡುತ್ತಿದ್ದರು. ಆದರೆ ಅದು ಅಳೆದು ಹಾಕಿದ ಸ್ವಲ್ಪ ಎಣ್ಣೆ, ಆಮೇಲೆ ಆ ನೀರು ಬಸಿದು ಬಿಡುತ್ತಿದ್ದರು. ಇದು ಹಾಗಲ್ಲ. ತೂಬಿನ ಬಾಯಿಯ ಮೊದಲ ಮಡಿಗೇ ಎಲ್ಲ ಎಣ್ಣೆ ಬಂದು ನಿಲ್ಲುತ್ತೆ. ನಮ್ಮ ಹೊಲದಲ್ಲಿ ಆ ಮಡಿಯ ಪೈರು ನೀರಿನ ಮಟ್ಟದಲ್ಲಿ ಸುಟ್ಟ ಹಾಗೆ ಕಂದಿತು, ಒಂದು ಗೆರೆ ಎಳೆದ ಹಾಗೆ. ಸಣ್ಣ ಹೊಲಗಾಲುವೆಗೆ ಎಣ್ಣೆ ನುಗ್ಗಿಬಿಟ್ಟಿದ್ದರೆ ಮರಳು ಚೀಲ ಅಡ್ಡ ಇಟ್ಟು, ಅದರೊಳಗೆ ಪಿವಿಸಿ ಪೈಪ್ ಓರೆಯಾಗಿ ತೂರಿಸಿ. ನೀರು ಬರುವ ಕಡೆ ಪೈಪಿನ ಬಾಯಿ ತಳದಲ್ಲಿ, ಹೋಗುವ ಕಡೆ ಬಾಯಿ ಎತ್ತರದಲ್ಲಿ. ಕೆಳಗಿನ ನೀರು ಮಾತ್ರ ಹೋಗುತ್ತೆ.

ಮಾನ್ವಿ ಕಡೆಯ ಅಕ್ಕ:

ನಾವು ಕಾಲುವೆಯ ಕೊನೆ ಭಾಗದವರು. ನಮಗೆ ನೀರು ಬರೋದೇ ಕಷ್ಟ, ಬಂದಾಗ ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳುತ್ತೇವೆ. ಮೇಲಿನವರಿಗೆ ನನ್ನ ಒಂದೇ ಬೇಡಿಕೆ, ಗಾಡಿ ಬಿದ್ದ ಕೂಡಲೇ ಕೆಳಗಿನ ಪಂಚಾಯಿತಿಯ ವಾಟರ್‌ಮನ್‌ಗೆ ಒಂದು ಫೋನ್ ಮಾಡಿ. ಒಮ್ಮೆ ನಮಗೆ ಯಾರೂ ಹೇಳಲಿಲ್ಲ. ಕೆರೆಗೆ ನೀರು ಬಿಟ್ಟಾಗಿತ್ತು. ಬೆಳಿಗ್ಗೆ ಕೊಡ ಬಗ್ಗಿಸಿದರೆ ಸೀಮೆಎಣ್ಣೆ ವಾಸನೆ. ಅತ್ತೆ ಕುದಿಸಿದರೆ ಹೋಗುತ್ತೆ ಅಂದರು. ಕುದಿಸಿದೆವು, ಮನೆ ತುಂಬಾ ವಾಸನೆ, ಚಹಾದಲ್ಲೂ ಅದೇ. ಕುದಿಸಿದರೂ, ಬ್ಲೀಚಿಂಗ್ ಪೌಡರ್ ಹಾಕಿದರೂ ಡೀಸೆಲ್ ಹೋಗಲ್ಲ. ವಾಸನೆ ಬಂದ ನೀರು ಕುಡಿಯಬೇಡಿ, ಟ್ಯಾಂಕರ್ ನೀರು ಕೇಳಿ, ಕೆರೆ ನೀರು ಪರೀಕ್ಷೆ ಆಗೋವರೆಗೂ ಮಕ್ಕಳಿಗೆ ಕೊಡಬೇಡಿ.

ದನಗಳ ವಿಷಯ ಯಾರೂ ಹೇಳಲಿಲ್ಲ. ಎಮ್ಮೆಗಳನ್ನು ಎರಡು ದಿನ ಕಾಲುವೆಗೆ ಇಳಿಸಬೇಡಿ. ಎಣ್ಣೆ ಕುಡಿದು ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತೆ, ಪಶು ಡಾಕ್ಟರ್ ಹೇಳಿದ್ದು. ಎಣ್ಣೆ ಕುಡಿದಿದೆ ಅಂತ ಅನಿಸಿದರೆ ಗಂಟಲಿಗೆ ಏನೂ ಹುಯ್ಯಬೇಡಿ, ಡಾಕ್ಟರನ್ನೇ ಕರೆಯಿರಿ. ಮತ್ತೆ ಆ ಡೀಸೆಲ್ ಹೀರಿದ ಹುಲ್ಲು! ನಮ್ಮೂರಲ್ಲಿ ದಂಡೆ ಮೇಲೆ ಗುಡ್ಡೆ ಹಾಕಿ ಹೋಗಿದ್ದರು. ಸಂಜೆ ಒಂದು ಆಕಳು ಬಂದು ಅದಕ್ಕೇ ಬಾಯಿ ಹಾಕಿತ್ತು, ನಾನೇ ಓಡಿಸಿದೆ. ಹುಲ್ಲನ್ನು ಡ್ರಮ್ಮಿಗೋ ದಪ್ಪ ಪ್ಲಾಸ್ಟಿಕ್ ತಾಡಪಾಲಿಗೋ ಹಾಕಿ ಕಟ್ಟಿ, ಸುಡಬೇಡಿ, ತಿಪ್ಪೆಗೂ ಹಾಕಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಇದೆ. ತಿಳಿಸಿ, ಎಲ್ಲಿಗೆ ಕೊಡಬೇಕು ಅಂತ ಅವರನ್ನೇ ಕೇಳಿ.

ಕೇಳಿದವರು:

ಅಕ್ಕ, ಅವತ್ತು ಬೈದವರು ನಿಮ್ಮಂಥವರೇ. ನಿಮ್ಮ ಮಾತು ಓದಿ ನಿಜವಾಗಲೂ ನಾಚಿಕೆ ಆಯ್ತು. ಕೆಳಗಿನ ಮೂರು ಊರಿನ ವಾಟರ್‌ಮನ್ ನಂಬರ್ ಇವತ್ತೇ ತಗೊಂಡೆ. ಗ್ಯಾಂಗ್‌ಮನ್ ಅಣ್ಣನ ಜೊತೆ ಹೋಗಿ ನಮ್ಮ ಕೆಳಗಿನ ಗೇಟು ನೋಡಿ ಬಂದೆ, ಬೈಕಿನಲ್ಲಿ ಒಂಬತ್ತು ನಿಮಿಷ. ಈರುಳ್ಳಿ ಚೀಲ ಮನೆಯಲ್ಲೇ ಇವೆ, ಹುಲ್ಲು ಬಣವೆ ತುಂಬಾ ಇದೆ. ಕಾಲುವೆ ಅಗಲ ಅಳೆದೆ, ಹನ್ನೆರಡು ಅಡಿ. ಹಗ್ಗ ಮೂವತ್ತಾರು ಅಡಿ ತಂದರೆ ಸಾಕಲ್ವಾ?

ಬಳ್ಳಾರಿಯಿಂದ:

ಐವತ್ತು ತನ್ನಿ. ಎರಡೂ ಕಡೆ ಗೂಟಕ್ಕೆ ಸುತ್ತೋಕೆ ಬೇಕು, ನೀರು ಎಳೆದಾಗ ಹಗ್ಗ ಹೊಟ್ಟೆ ಬಿಡುತ್ತೆ. ನೈಲಾನ್ ತಗೊಳ್ಳಿ, ಸೆಣಬು ನೆನೆದು ಭಾರ ಆಗುತ್ತೆ. ಮತ್ತೆ ಎಣ್ಣೆ ಇಲ್ಲದ ದಿನ ಒಂದು ಸಲ ಸುಮ್ನೆ ಕಟ್ಟಿ ನೋಡಿ, ಒಂದು ಮುಷ್ಟಿ ಭತ್ತದ ಹೊಟ್ಟು ಮೇಲೆ ಚೆಲ್ಲಿ, ಅದು ಮೂಲೆಗೆ ಬಂದು ಸೇರಿದರೆ ಡೀಸೆಲ್ಲೂ ಬರುತ್ತೆ.