ಸೀಮ್ ಮಷೀನ್ ತರಲೋ, ಹುಡುಗರ ಕೈ ಪಳಗಿಸಲೋ?

ಬಿಎಂ ರಸ್ತೆ ಶೆಡ್, ಹಾಸನ:

ನಮಸ್ಕಾರ. ಹಾಸನದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ಸ್ಟೀಲ್ ಟ್ಯಾಂಕ್ ಮುಖ್ಯ ಕೆಲಸ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಗುವ ಮುಂಚೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರೆಲ್ಲ ಒಟ್ಟಿಗೇ ಬಂದು "ನಾಳೆ ಬೇಕು" ಅಂತ ಕೂರುತ್ತಾರೆ.

ಹನ್ನೆರಡು ವರ್ಷದಿಂದ ನಮ್ಮಲ್ಲಿ ಟಿಗ್ (ಆರ್ಗಾನ್ ಗ್ಯಾಸ್ ಹಾಯಿಸಿ ಮಾಡುವ ವೆಲ್ಡಿಂಗ್) ಹೊಡೆಯುತ್ತಿದ್ದ ಮೇಸ್ತ್ರಿಗೆ ಈಗ ಕಣ್ಣು ಮಂಜು. ಉಳಿದವರು ಇಬ್ಬರು ಹುಡುಗರು. ಒಬ್ಬ ಐಟಿಐ ವೆಲ್ಡರ್ ಟ್ರೇಡ್ ಮುಗಿಸಿ ಬಂದವನು. ಎಲ್ಲೋ ಸಿಮ್ಯುಲೇಟರ್‌ನಲ್ಲೂ ಕಲಿತಿದ್ದಾನೆ. ತಲೆಗೆ ಹೆಲ್ಮೆಟ್, ಒಳಗೆ ಪರದೆ, ಕೈಯಲ್ಲಿ ಬೆಂಕಿ ಬಾರದ ಟಾರ್ಚ್. ನೂರಕ್ಕೆ 91 ಬಂದಿತ್ತು ಅಂತ ಫೋಟೋ ತೋರಿಸಿದ. ಸರಿ ಅಂತ 1.5 ಎಂ.ಎಂ. 304 ಸ್ಟೇನ್‌ಲೆಸ್ ಶೀಟ್ ಕೊಟ್ಟೆ. ಮೊದಲ ಆರು ಇಂಚು ಹೊಂಬಣ್ಣ, ಸಣ್ಣ ಸಣ್ಣ ಅಲೆ. ನನಗೇ ಹೊಟ್ಟೆಕಿಚ್ಚಾಯಿತು. ಆಮೇಲೆ ಮುಂದಿನ ಟ್ಯಾಕ್ (ಅಂಚುಗಳನ್ನು ಮೊದಲೇ ಹಿಡಿದಿಡುವ ವೆಲ್ಡ್ ಚುಕ್ಕೆ) ಟಿಕ್ ಅಂತ ಬಿಟ್ಟಿತು. ಗ್ಯಾಪ್ ಕತ್ತರಿ ಬಾಯಿ ಹಾಗೆ ತೆರೆದುಕೊಂಡಿತು. ಅವನು ಕೈ ನಿಲ್ಲಿಸಲಿಲ್ಲ. ಕಡಲೆಬೀಜದಷ್ಟು ತೂತು.

ಈಗ ಒಬ್ಬ ಡೀಲರ್ ಆಟೋಮ್ಯಾಟಿಕ್ ಸೀಮ್ (ಶೀಟಿನ ಅಂಚು ಕೂಡುವ ಜೋಡು) ವೆಲ್ಡರ್ ವಿಡಿಯೋ ತೋರಿಸಿ ಹೋಗಿದ್ದಾರೆ. ರೋಲ್ ಮಾಡಿದ ಶೀಟನ್ನು ಅದರ ತೋಳಿಗೆ ಏರಿಸಿದರೆ ಎರಡೂ ಕಡೆ ತಾಮ್ರದ ಬೆರಳುಗಳು ಒತ್ತಿ ಹಿಡಿಯುತ್ತವೆ. ಕೆಳಗೆ ಕಾಲುವೆ ಕೊರೆದ ತಾಮ್ರದ ಪಟ್ಟಿ, ಅದರೊಳಗಿಂದ ಆರ್ಗಾನ್. ಮೇಲೆ ಟಾರ್ಚ್ ಹಳಿ ಮೇಲೆ ತಾನೇ ಓಡುತ್ತದೆ. ಬೆಲೆ ಕೇಳಿದರೆ ಮಾತ್ರ ಶೆಡ್ಡೇ ಅಡ ಇಡಬೇಕು. ಬಳಸಿದವರು ಇದ್ದರೆ ಹೇಳಿ.

ಚಿಕ್ಕಮಗಳೂರು ಟಿಗ್:

ಟ್ಯಾಂಕ್ ಎಷ್ಟು ಲೀಟರ್?

ಬಿಎಂ ರಸ್ತೆ ಶೆಡ್:

ಜಾಸ್ತಿ ಹೋಗುವುದು 500 ಲೀಟರ್. ಒಂದು 8×4 ಶೀಟ್ ಸುತ್ತಿದರೆ ಆಯಿತು.

ಚಿಕ್ಕಮಗಳೂರು ಟಿಗ್:

ಹಾಗಾದರೆ ಟೇಪ್ ಹಿಡಿದು ಅಳೆಯಿರಿ. ಉದ್ದದ ಸೀಮ್ 4 ಅಡಿ. ತಳಕ್ಕೆ ಸುತ್ತು ಸೀಮ್ 8 ಅಡಿ, ಮೇಲೆ ಇನ್ನೊಂದು 8. ಒಟ್ಟು 20 ಅಡಿಯಲ್ಲಿ ಆ ಮಷೀನ್ ಹೊಡೆದುಕೊಡುವುದು 4 ಅಡಿ. ಉಳಿದ 16 ಅಡಿ ಮತ್ತೆ ನಿಮ್ಮ ಹುಡುಗನ ಕೈಗೇ ಬಂತು. ಡೀಲರ್ ಇದನ್ನು ಯಾಕೆ ಹೇಳ್ತಾರೆ?

ನಾನು ರೊಟೇಟರ್ ಕಟ್ಟಿಕೊಂಡೆ. ಟ್ಯಾಂಕ್ ರೋಲರ್ ಮೇಲೆ ನಿಧಾನ ತಿರುಗುತ್ತದೆ, ಟಾರ್ಚ್ ಸ್ಟ್ಯಾಂಡ್‌ನಲ್ಲಿ ಒಂದೇ ಕಡೆ ನಿಂತಿರುತ್ತದೆ. 150 ಎಂ.ಎಂ. ರೋಲರ್ ಆದರೆ ಒಂದು ಸುತ್ತಿಗೆ ಸುಮಾರು 470 ಎಂ.ಎಂ. ಸಾಗುತ್ತದೆ. ನಮಗೆ ಬೇಕಿರುವುದು ನಿಮಿಷಕ್ಕೆ 200. ಅಂದರೆ ರೋಲರ್ ನಿಮಿಷಕ್ಕೆ ಅರ್ಧ ಸುತ್ತೂ ತಿರುಗಬಾರದು. 1440 ಆರ್‌ಪಿಎಂ ಮೋಟರ್‌ಗೆ 60:1 ವರ್ಮ್ ಗೇರ್‌ಬಾಕ್ಸ್ ಎರಡು ಒಂದರ ಹಿಂದೆ ಒಂದು ಹಾಕಿದೆ, 3600:1 ಆಯಿತು. ಉಳಿದದ್ದು ಡ್ರೈವ್‌ನಲ್ಲಿ (ಮೋಟರ್ ವೇಗ ಬದಲಿಸುವ ಪೆಟ್ಟಿಗೆ) ಹೆಚ್ಚುಕಮ್ಮಿ ಮಾಡಿಕೊಳ್ಳುತ್ತೇನೆ.

ನಾನು ಏಟು ತಿಂದದ್ದು ಎರಡು ಕಡೆ. ಅರ್ಥಿಂಗ್ ಅನ್ನು ಫ್ರೇಮ್‌ಗೆ ಕಚ್ಚಿಸಿದ್ದೆ, ಕರೆಂಟ್ ಬೇರಿಂಗ್ ಒಳಗಿಂದ ಹೋಗಿ ತಿಂಗಳಲ್ಲೇ ಗರಗರ ಅನ್ನತೊಡಗಿತು. ಕಾರ್ಬನ್ ಬ್ರಷ್ ಇಟ್ಟು ನೇರ ಟ್ಯಾಂಕಿನಿಂದಲೇ ತಗೊಳ್ಳಿ. ಇನ್ನೊಂದು, ಟಿಗ್ ಹೈ ಫ್ರೀಕ್ವೆನ್ಸಿಯಲ್ಲಿ (ಮುಟ್ಟಿಸದೆ ಕಿಡಿ ಹಾರಿಸಿ) ಹೊತ್ತಿಸಿದಾಗಲೆಲ್ಲ ಡ್ರೈವ್ ಟ್ರಿಪ್. ಈಗ ಮುಟ್ಟಿಸಿ ಎತ್ತುವ ಲಿಫ್ಟ್ ಆರ್ಕ್‌ನಲ್ಲೇ ಹೊತ್ತಿಸುತ್ತೇನೆ.

ಮಷೀನ್ ಯಾವುದೇ ಇರಲಿ, ಅದಕ್ಕೆ ಗ್ಯಾಪ್ ಕಾಣಲ್ಲ. 1.5 ಶೀಟ್‌ಗೆ ನಾನು ಬಿಡುವುದು ದಪ್ಪದ ಹತ್ತನೇ ಒಂದು ಭಾಗ. ನೋಟ್‌ಬುಕ್ ಹಾಳೆ ಎರಡು ಪದರ ತೂರಿದರೆ ಆ ಜಾಬ್ ವಾಪಸ್. ಶೀಟ್ ಕತ್ತರಿಸುವ ಶಿಯರಿಂಗ್ ಬ್ಲೇಡ್ ಮೊಂಡಾಗಿ ಅಂಚಿನಲ್ಲಿ ಬರ್ (ಚೂಪು ಸಿಬಿರು) ನಿಂತಿದ್ದರೆ ಎಷ್ಟು ಲಕ್ಷದ ಮಷೀನ್ ತಂದರೂ ತೂತೇ. ನಿಮ್ಮ ಹುಡುಗನ ಕೈಗಿಂತ ಮೊದಲು ನಿಮ್ಮ ಬ್ಲೇಡ್ ನೋಡಿ, ಬೇಜಾರು ಮಾಡಿಕೊಳ್ಳಬೇಡಿ.

ವರ್ಕ್‌ಶಾಪ್ ಮೇಷ್ಟ್ರು:

ಸಿಮ್ಯುಲೇಟರ್ ಮೇಲೆ ತಪ್ಪು ಹಾಕಬೇಡಿ. ಅದು ನೋಡುವುದು ಟಾರ್ಚ್ ಕೋನ, ಪ್ಲೇಟಿನಿಂದ ದೂರ, ಸಾಗುವ ವೇಗ. ಮೂರೂ ಹುಡುಗನ ಕೈಗೆ ಕೂತಿವೆ, ಅದಕ್ಕೇ ಮೊದಲ ಆರು ಇಂಚು ಚೆನ್ನಾಗಿ ಬಂತು. ಪ್ಲೇಟ್, ಗ್ಯಾಸ್ ಖರ್ಚಿಲ್ಲದೆ ನೂರು ಸಲ ತಪ್ಪು ಮಾಡಬಹುದು, ಹೊಸಬರ ಕೈ ನಡುಕ ಹೋಗುತ್ತದೆ. ಆದರೆ ಅಲ್ಲಿ ಕೈಗೆ ಬಿಸಿ ತಟ್ಟಲ್ಲ, ಟ್ಯಾಕ್ ಸದ್ದು ಮಾಡಿ ಬಿಡಲ್ಲ. ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು. ಅಷ್ಟರಲ್ಲಿ ಗ್ಯಾಸ್, ಆರ್ಕ್, ಮಿಗ್, ಟಿಗ್ ಎಲ್ಲ ಮುಗಿಸಬೇಕು. ತೆಳು ಶೀಟ್‌ಗೆ ಎಷ್ಟು ದಿನ ಸಿಗುತ್ತೆ ನೀವೇ ಹೇಳಿ.

ಅವನಿಗೆ ಟ್ಯಾಕ್ ಹತ್ತಿರ ಹತ್ತಿರ ಹಾಕಿಸಿ. ಒಂದೂವರೆ ಇಂಚಿಗೊಂದು. ಒಂದು ತುದಿಯಿಂದ ಹಾಕುತ್ತಾ ಹೋಗಬಾರದು. ಎರಡು ತುದಿ, ಮಧ್ಯ, ಆಮೇಲೆ ಮಧ್ಯದ ಮಧ್ಯ. ಸುಮ್ನೆ ಕೂತಾಗ ಗ್ಲೌಸ್ ಹಾಕಿಸಿ, ಜೋಡಿಗೆ ಕರಗಿಸಿ ತುಂಬುವ ಫಿಲ್ಲರ್ ರಾಡನ್ನು ಬೆರಳಲ್ಲೇ ಮುಂದೆ ಜಾರಿಸುವುದನ್ನು ರೂಢಿ ಮಾಡಿಸಿ. ಹೊಸಬರ ಎಡಗೈ ತಡವರಿಸುವುದು ಅಲ್ಲೇ. ನಿಮ್ಮ ಊರಲ್ಲೇ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಇದೆ, ಒಮ್ಮೆ ಹೋಗಿ ವಿಚಾರಿಸಿ.

ತೋಟದವನು, ಮೂಡಿಗೆರೆ:

ನಾನು ವೆಲ್ಡರ್ ಅಲ್ಲ, ತಗೊಳ್ಳುವವನು. ಹೋದ ವರ್ಷದ ಟ್ಯಾಂಕ್ (ಯಾರದ್ದು ಅಂತ ಬೇಡ) ಹೊರಗೆ ಕನ್ನಡಿ ಹಾಗಿತ್ತು. ಕಾಫಿ ಹುಳಿ ಬಂದು ಎರಡು ತಿಂಗಳಿಗೆ ತಳದ ಸುತ್ತು ಸೀಮ್‌ನಲ್ಲಿ ತುಕ್ಕು. ಒಳಗೆ ಕೈ ಆಡಿಸಿದರೆ ಕಪ್ಪಗೆ, ಹರಳು ಹರಳು.

ಚಿಕ್ಕಮಗಳೂರು ಟಿಗ್:

ಅದು ಬಿಸಿ ಲೋಹಕ್ಕೆ ಗಾಳಿ ತಗುಲಿ ಸಕ್ಕರೆ ಹಾಗೆ ಹರಳು ಕಟ್ಟಿದ್ದು ಸಾರ್. ಒಳಗಡೆಯಿಂದ ಆರ್ಗಾನ್ ಕೊಡದೆ ಹೊರಗಿನಿಂದ ಮಾತ್ರ ಹೊಡೆದಿದ್ದಾರೆ.

ಬಿಎಂ ರಸ್ತೆ ಶೆಡ್:

20 ಅಡಿ ಲೆಕ್ಕ ಓದಿ ನನಗೇ ನಗು ಬಂತು. ಇಷ್ಟು ವರ್ಷ ಟ್ಯಾಂಕ್ ಮಾಡಿ ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ. ಬ್ಲೇಡ್ ಬಿಚ್ಚಿ ಸಾಣೆಗೆ ಕಳಿಸಿದ್ದೇನೆ. ಅಂಚಿಗೆ ಉಗುರು ಎಳೆದರೆ ನಿಜವಾಗಿಯೂ ಕಚ್ಚುತ್ತಿತ್ತು. ಮೇಸ್ತ್ರಿಗೆ ಇನ್ನು ಟಾರ್ಚ್ ಬೇಡ, ಫಿಟಪ್ (ವೆಲ್ಡ್‌ಗೆ ಮುಂಚೆ ಅಂಚು ಕೂಡಿಸುವುದು) ನೋಡಿಕೊಳ್ಳಿ ಅಂದಿದ್ದೇನೆ. ಕಣ್ಣು ಹೋದರೂ ಗ್ಯಾಪ್ ಅವರ ಬೆರಳಿಗೆ ಗೊತ್ತಾಗುತ್ತದೆ.

ಗುಜರಿಯಲ್ಲಿ 60:1 ಗೇರ್‌ಬಾಕ್ಸ್ ಒಂದು ಸಿಕ್ಕಿದೆ. ಅರಸೀಕೆರೆ, ಬೇಲೂರು ಕಡೆ ಯಾರ ಹತ್ತಿರವಾದರೂ ಇನ್ನೊಂದು ಬಿದ್ದಿದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗುತ್ತೇನೆ.